ಡಿ ಎಂಬುದು ಹೆಸರಲ್ಲ

ಕೆ.ಆರ್. ನಗರದ ತಾಲ್ಲೂಕು ಕಚೇರಿಯ ಹಿಂದಿನ ಬೀದಿಯಲ್ಲಿ ಪತ್ರ ಬರೆಯುವವರ ಸಾಲು ಮುಗಿಯುವ ಕಡೆ ಪ್ರಮೀಳಾಳ ಡಿ.ಟಿ.ಪಿ. ಅಂಗಡಿಯಿತ್ತು. ಹತ್ತಡಿ ಅಗಲ, ಒಂದು ಕಂಪ್ಯೂಟರು, ಎರಡು ಬೆಂಚು. ಬೆಂಚು ಎರಡಿದ್ದದ್ದು ಗಿರಾಕಿಗಳ ನೂಕುನುಗ್ಗಲಿಗಲ್ಲ. ವಿಭಾಗಪತ್ರ ಮಾಡಿಸಲು ಬರುವ ಅಣ್ಣತಮ್ಮಂದಿರನ್ನು ಒಂದೇ ಬೆಂಚಿನಲ್ಲಿ ಕೂರಿಸಿದರೆ ಬೆಂಚು ಉಳಿಯುತ್ತಿರಲಿಲ್ಲ. ಮೊದಲಿದ್ದ ಉದ್ದನೆಯ ಬೆಂಚು ಹಾಗೆಯೇ ಹೋಗಿತ್ತು. ಅದರ ಒಂದು ಕಾಲು ಒಬ್ಬ ತಮ್ಮನ ನೆತ್ತಿಯ ಮೇಲೆ ಮುರಿದಿತ್ತು, ಪೊಲೀಸರಿಗೆ ಕೊಡುವ ದೂರನ್ನೂ ಪ್ರಮೀಳಾಳೇ ಟೈಪು ಮಾಡಿಕೊಟ್ಟಿದ್ದಳು. ಈ ಸೀಮೆಯಲ್ಲಿ ‘ನನ್ನ ಪಾಲು ಕೊಡಲಿ’ ಎಂದು ಬಾಯಲ್ಲಿ ಅಂದವನು ಕೈಯಲ್ಲೂ ಅದನ್ನೇ ಹಿಡಿದುಕೊಂಡು ಬರುತ್ತಾನೆ ಎಂಬುದು ಅವಳ ಅನುಭವ.

ಹೊಡೆತ ಅವಳಿಗೆ ಹೊಸದಲ್ಲ. ಮದುವೆಯಾದ ಎರಡನೇ ವರ್ಷ ಗಂಡ ಉಮಾಶಂಕರ ಅವಳ ಮೇಲೆ ಕೈ ಮಾಡಿದ್ದ. ಒಂದು ಸಲ, ಎರಡು ಸಲ, ಹನ್ನೊಂದು ಸಲ. ಹನ್ನೆರಡನೆಯ ಸಲ ಅವಳು ಟೈಪ್‌ರೈಟರಿನ ಉರುಳೆ ಬಿಚ್ಚಿ ಒರೆಸುತ್ತಿದ್ದಳು. ಉರುಳೆ ಕೈಯಲ್ಲೇ ಇತ್ತು. ಅಂದಿನಿಂದ ಉಮಾಶಂಕರನ ಬಲಮೊಣಕೈ ನೆಟ್ಟಗಾಗಲಿಲ್ಲ. ಅವನು ಕೊಡಗಿನ ಯಾವುದೋ ಎಸ್ಟೇಟಿನಲ್ಲಿ ಕೂಲಿಲೆಕ್ಕ ಬರೆಯುವ ರೈಟರ್ ಆಗಿ ಸೇರಿಕೊಂಡ. ಮೊಣಕೈ ಬಾಗಿದವನು ರೈಟ್ ಆಗದಿದ್ದರೂ ರೈಟರ್ ಆದನಲ್ಲ ಎಂದು ಪ್ರಮೀಳಾ ಹೇಳುತ್ತಿದ್ದಳು. ಹಾಗೆ ಹೇಳುವಾಗ ಅವಳು ನಗುತ್ತಿರಲಿಲ್ಲ.

ಅವಳಿಗೆ ಒಬ್ಬಳೇ ತಂಗಿ, ಮೀನಾ. ಹೊಸ ಅಗ್ರಹಾರದ ಆಚೆಯ ಹಳ್ಳಿಯೊಂದಕ್ಕೆ, ದೊಡ್ಡಬೀರಯ್ಯನವರ ಕಿರಿಮಗ ಲಿಂಗಣ್ಣನಿಗೆ ಕೊಟ್ಟಿದ್ದರು. ದೊಡ್ಡಬೀರಯ್ಯ ತೀರಿಕೊಂಡ ಮೇಲೆ ಮನೆಯಲ್ಲಿ ಹಿರಿಮಗ ದೇವರಾಜುವಿನದೇ ದರ್ಬಾರು. ಅವನ ಹೆಂಡತಿ ಎರಡು ವರ್ಷದ ಹಿಂದೆಯೇ ತವರಿಗೆ ಹೋಗಿ ಅಲ್ಲೇ ಉಳಿದಿದ್ದಳು, ಕಾರಣ ಕೇಳಿದವರಿಗೆ ಬೆನ್ನು ತೋರಿಸುತ್ತಿದ್ದಳು. 2001ರ ಶಿವರಾತ್ರಿಯ ಮಾರನೆಯ ದಿನ ಮೀನಾ ಎಡಗೈಯನ್ನು ಸೆರಗಿನಲ್ಲಿ ಜೋತುಹಾಕಿಕೊಂಡು ಬಸ್ಸಿಳಿದು ಅಂಗಡಿಗೆ ಬಂದಳು. ಹಂಡೆಯ ಬಿಸಿನೀರನ್ನು ಭಾವನಿಗಿಂತ ಮೊದಲು ತೋಡಿಕೊಂಡಳೆಂದು ದೇವರಾಜು ಗುದ್ದಲಿಕಾವಿನಲ್ಲಿ ಹೊಡೆದಿದ್ದ. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿತ್ತು. ಲಿಂಗಣ್ಣ ಸುಮ್ಮನಿರಲಿಲ್ಲ, ಅಣ್ಣನ ಎರಡು ಹಲ್ಲು ಉದುರಿಸಿದ್ದ. ಆದರೆ ಲಿಂಗಣ್ಣ ಗದ್ದೆಗೆ ಹೋದಾಗ ಮನೆಯಲ್ಲಿರುವವಳು ಮೀನಾ, ಆ ಮನೆಗೆ ಇದ್ದದ್ದು ಒಂದೇ ಬಾಗಿಲು.

ಕೈಗೆ ಪಟ್ಟಿ ಹಾಕಿಸಿಕೊಂಡು ಬಂದು ಬೆಂಚಿನ ಮೇಲೆ ಕುಳಿತ ಮೀನಾ ಅಕ್ಕನನ್ನು ಕೇಳಿದ್ದು ಇಷ್ಟೇ: “ನಂಗೆ ಗದ್ದೆ ಗಿದ್ದೆ ಬ್ಯಾಡ ಕಣಕ್ಕ. ಒಳಗಡೆಯಿಂದ ಚಿಲಕ ಹಾಕ್ಕೊಳೋ ಒಂದು ಬಾಗ್ಲು ಮಾಡ್ಸಿಕೊಡು.”

ಬಾಗಿಲಿಗೆ ಗೋಡೆ ಬೇಕು, ಗೋಡೆಗೆ ಮನೆ ಭಾಗವಾಗಬೇಕು, ಮನೆ ಭಾಗವಾಗಲು ಗದ್ದೆಯೂ ಭಾಗವಾಗಬೇಕು. ಪ್ರಮೀಳಾ ಪಟ್ಟು ಹಿಡಿದಳು. ಆರು ತಿಂಗಳಲ್ಲಿ ಒಂಬತ್ತು ಪಂಚಾಯ್ತಿ ನಡೆಯಿತು. ಎರಡರಲ್ಲಿ ರಕ್ತ ಬಂತು, ಒಂದರಲ್ಲಿ ಪಂಚರೊಬ್ಬರದೇ. ಕೊನೆಗೆ ತೀರ್ಮಾನವಾಯಿತು. ನಾಲೆಯಿಂದ ರಸ್ತೆಯವರೆಗೆ ಇದ್ದ ನಾಲ್ಕು ತುಂಡು ಗದ್ದೆಯಲ್ಲಿ ಒಂದು ಮತ್ತು ಮೂರನೆಯದು ದೇವರಾಜುವಿಗೆ, ಎರಡು ಮತ್ತು ನಾಲ್ಕನೆಯದು ಲಿಂಗಣ್ಣನಿಗೆ. ಮನೆಗೆ ನಡುಗೋಡೆ, ಬೀದಿ ಕಡೆಯ ಕೋಣೆಗಳು ಲಿಂಗಣ್ಣನಿಗೆ. ಪಂಚರು ಇದನ್ನು ಕಾಗದದ ಮೇಲೆ ಬರೆದು ಎಲ್ಲರ ರುಜು ಹಾಕಿಸಿದರು. ಪ್ರಮೀಳಾ ಅದನ್ನು ನೋಡಿಕೊಂಡು ಅದರಲ್ಲಿದ್ದಂತೆಯೇ ವಿಭಾಗಪತ್ರ ಟೈಪು ಮಾಡಿ ಕಂಪ್ಯೂಟರಿನಲ್ಲಿಟ್ಟಳು. ಮೂಲ ಕಾಗದ ಊರಿಗೆ ವಾಪಸು ಹೋದ ವಾರಕ್ಕೆ ಅಣ್ಣತಮ್ಮಂದಿರ ನಡುವೆ ಮತ್ತೆ ಜಗಳವಾಗಿ, ದೇವರಾಜು ಆ ಕಾಗದವನ್ನು ಉಂಡೆಮಾಡಿ ತಮ್ಮನ ಬಾಯಿಗೆ ತುರುಕಿ, ದವಡೆ ಒತ್ತಿ ಹಿಡಿದು ನುಂಗಿಸಿದ. ಪಾಲು ನುಂಗಿದವರನ್ನು ಊರು ಕಂಡಿತ್ತು, ಪಾಲುಪಟ್ಟಿ ನುಂಗಿದವನು ಲಿಂಗಣ್ಣ ಒಬ್ಬನೇ.

ಈಗ ಆ ತೀರ್ಮಾನ ಉಳಿದಿದ್ದದ್ದು ಪ್ರಮೀಳಾಳ ಕಂಪ್ಯೂಟರಿನಲ್ಲಿ ಮಾತ್ರ. ಕಾಗದಕ್ಕೆ ಇಳಿಸಿದರೆ ಅದನ್ನೂ ಯಾರಾದರೂ ನುಂಗಿಯಾರೆಂದು ನೋಂದಣಿಯ ದಿನದವರೆಗೆ ಅವಳು ಮುದ್ರಿಸುವಂತಿರಲಿಲ್ಲ.

ಆ ಕಂಪ್ಯೂಟರಿಗೂ ಒಂದು ಪಾಲುಪಟ್ಟಿಯಿತ್ತು. ಒಳಗಿದ್ದ ಹಾರ್ಡ್ ಡಿಸ್ಕ್ ಒಂದೇ ಆದರೂ ಅದನ್ನು ಎರಡು ಭಾಗ ಮಾಡಿ, ಒಂದಕ್ಕೆ ಸಿ, ಇನ್ನೊಂದಕ್ಕೆ ಡಿ ಎಂದಿದ್ದರು. ಸಿ ಭಾಗದಲ್ಲಿ ಯಂತ್ರದ ಸಂಸಾರ, ಡಿ ಭಾಗದಲ್ಲಿ ಪ್ರಮೀಳಾಳ ಕೆಲಸ. ನೋಂದಣಿ ಸೋಮವಾರವೆಂದು ನಿಶ್ಚಯವಾಗಿದ್ದರಿಂದ ಅವಳಿಗೆ ಜೀವ ತಡೆಯಲಿಲ್ಲ. ಹುಣಸೂರಿನ ಕಂಪ್ಯೂಟರ್ ಮೆಕ್ಯಾನಿಕ್ ವಸಂತನಿಗೆ ಫೋನು ಮಾಡಿ, ಪತ್ರದ ಇನ್ನೊಂದು ಪ್ರತಿ ಇಡಲು ಎರಡನೆಯ ಡಿಸ್ಕ್ ಹಾಕಿಕೊಡು ಎಂದಳು.

ಶನಿವಾರ ಬೆಳಿಗ್ಗೆ ವಸಂತ ಹೊಸ ಡಿಸ್ಕ್ ತಂದು ಕೂರಿಸಿದ. ಹಳೆಯದು ಮಾಸ್ಟರ್, ಹೊಸದು ಸ್ಲೇವ್ ಎಂದ. ಈ ಮಾತು ದೇವರಾಜುವಿನ ಕಿವಿಗೆ ಬೀಳದಿರಲಿ ಎಂದುಕೊಂಡಳು ಪ್ರಮೀಳಾ. ಯಂತ್ರ ಚಾಲೂ ಮಾಡಿದರೆ ಅಕ್ಷರಗಳು ಅದಲುಬದಲಾಗಿದ್ದವು. ಹೊಸ ಡಿಸ್ಕ್ ಬಂದು ಡಿ ಎಂದು ಕೂತಿತ್ತು, ಇವಳ ಕೆಲಸವಿದ್ದ ಹಳೆಯ ಡಿ ಒಂದು ಹೆಜ್ಜೆ ಹಿಂದೆ ಸರಿದು ಇ ಆಗಿತ್ತು. ಯಾವುದು ಡಿ ಎಂದು ಅವಳು ಕೇಳಿದರೆ ವಸಂತ ಹೊಸ ಡಿಸ್ಕನ್ನು ಮುಟ್ಟಿ ‘ಈ ಡಿಸ್ಕು’ ಎಂದ. ಹಾಗಾದರೆ ಇ ಯಾವುದು ಎಂದರೆ, ಮೊದಲಿನ ಡಿ ಎಂದ. ಹೊಸದಾಗಿ ಬಂದವನು ಹಿರಿಯನ ಮಣೆಯ ಮೇಲೆ ಕೂರುವುದು ಯಾವ ಮನೆಯ ಪದ್ಧತಿ ಎಂದು ಅವಳು ತಗಾದೆ ತೆಗೆದಳು. ಯಂತ್ರದ ಮನೆಯಲ್ಲಿ ಹಾಗೆಯೇ ಎಂದ ಅವನು.

ಅಷ್ಟರಲ್ಲಿ ಕರೆಂಟು ಹೋಯಿತು. ಹೊಸ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದೊಂದು ಬಾಕಿ. ಫಾರ್ಮ್ಯಾಟ್ ಎಂದರೆ ಹೊಲ ಮಟ್ಟ ಹೊಡೆದಂತೆ, ಅದಾಗದೆ ಬಿತ್ತಲಾಗದು. ವಸಂತನಿಗೆ ಹೆಚ್.ಡಿ. ಕೋಟೆಯಲ್ಲಿ ಇನ್ನೊಂದು ಕೆಲಸವಿತ್ತು. ಕರೆಂಟು ಬಂದ ಮೇಲೆ ನೀವೇ ಮಾಡಿಕೊಳ್ಳಿ ಎಂದು ಚೀಟಿ ಬರೆದು ಪರದೆಯ ಮೂಲೆಗೆ ಅಂಟಿಸಿ ಹೋದ: ‘ಡಿ ಹೊಸದು. ಫಾರ್ಮ್ಯಾಟ್ ಡಿ ಎಂದು ಕೊಟ್ಟು, ವೈ ಒತ್ತಿ. ಆಮೇಲೆ ಇ ಯಲ್ಲಿರುವುದನ್ನು ಡಿ ಗೆ ಕಾಪಿ ಮಾಡಿ.’

ಹನ್ನೆರಡು ಗಂಟೆಗೆ ಅಣ್ಣತಮ್ಮಂದಿರು ಬಂದರು. ಜೊತೆಯಲ್ಲಿ ಅವರ ತಾಯಿ ಮರಮ್ಮ. ಪತ್ರವನ್ನು ಕೊನೆಯ ಸಲ ಬಾಯಲ್ಲಿ ಹೇಳಿ ಒಪ್ಪಿಸಿಕೊಳ್ಳಲು ಪ್ರಮೀಳಾಳೇ ಕರೆಸಿದ್ದಳು. ಒಂದೊಂದು ಬೆಂಚಿನಲ್ಲಿ ಒಬ್ಬೊಬ್ಬ, ನಡುವೆ ಕುರ್ಚಿಯಲ್ಲಿ ತಾಯಿ. ಒಂದನೆಯ ಮತ್ತು ಮೂರನೆಯ ತುಂಡು ದೇವರಾಜುವಿನದು ಎಂದು ಪ್ರಮೀಳಾ ಹೇಳುತ್ತಿದ್ದಂತೆ ದೇವರಾಜು ನಕ್ಕ. ಹಲ್ಲಿಲ್ಲದ ಸಂದಿಯಲ್ಲಿ ನಾಲಿಗೆ ಕಾಣಿಸಿತು.

“ಸರ್ಯಾಗೇ ಬರ್ದಿದ್ದೀರಿ ಪ್ರಮೀಳಮ್ಮ. ಮೂರ್ನೇದು ನಂದು. ಓದ್ ತಿಂಗ್ಳು ಒಸಾ ಕಾಲುವೆ ತೋಡಿದ್ರಲ್ಲ, ಅದು ಒಂದ್ನೇ ತುಂಡ್ನ ಸೀಳ್ಕೊಂಡು ಓಗ್ಯದೆ. ಈಗ ತುಂಡು ನಾಲ್ಕಲ್ಲ, ಐದು. ಎಣಿಸ್ಕಳಿ, ಮೂರ್ನೇದು ಯಾವ್ದು? ಬಾವಿ ಇರೋದು.”

ಬಾವಿಯಿದ್ದ ತುಂಡು ಲಿಂಗಣ್ಣನಿಗೆ ಬರಬೇಕಾದ ಎರಡನೆಯದು. ಇಡೀ ಭಾಗದಲ್ಲಿ ಬೇಸಗೆಗೂ ನೀರಿರುವುದು ಅದೊಂದರಲ್ಲೇ. ಐದನೆಯದರ ಗತಿ ಏನು ಎಂದು ಲಿಂಗಣ್ಣ ಕೇಳಿದ. ಒಂದು, ಮೂರು ಆದಮೇಲೆ ಐದೂ ನನ್ನದೇ ತಾನೆ ಎಂದ ಅಣ್ಣ.

ಲಿಂಗಣ್ಣ ಎದ್ದು ಬೆಂಚನ್ನೇ ಎತ್ತಿ ಅಣ್ಣನ ಎದೆಗೆ ಬಡಿದ. ದೇವರಾಜು ಗೋಡೆಗೆ ಬಿದ್ದವನು ಎದ್ದು, ತಮ್ಮನ ಜುಟ್ಟು ಹಿಡಿದು ಮೇಜಿನ ಅಂಚಿಗೆ ಹಣೆ ಜಜ್ಜಿದ. ಎರಡನೆಯ ಏಟಿಗೆ ಚರ್ಮ ಬಿರಿದು ರಕ್ತ ಕೀಲಿಮಣೆಯ ಮೇಲೆಲ್ಲ ಸುರಿಯಿತು. ಲಿಂಗಣ್ಣ ಕುಸಿದರೂ ಅಣ್ಣನ ಕಾಲಿಗೆ ಹಲ್ಲು ಹಾಕಿದ. ಬಿಡಿಸಿಕೊಳ್ಳಲು ದೇವರಾಜು ಒದ್ದ ಒದೆತ ಗುರಿ ತಪ್ಪಿ ಕಂಪ್ಯೂಟರಿನ ಡಬ್ಬಕ್ಕೆ ಬಿತ್ತು. ಡಬ್ಬ ಎರಡು ಸಲ ಉರುಳಿ ಬಾಗಿಲಿಗೆ ಹೋಗಿ ನಿಂತಿತು. ಪ್ರಮೀಳಾ ಕಾಗದಕ್ಕೆ ತೂತು ಹೊಡೆಯುವ ಕಬ್ಬಿಣದ ಪಂಚಿಂಗ್ ಮೆಷಿನ್ ತೆಗೆದುಕೊಂಡು ದೇವರಾಜುವಿನ ತಲೆಗೆ ಬೀಸಿದಳು. ತಲೆ ತಪ್ಪಿಸಿಕೊಂಡಿತು, ಕಿವಿ ತಪ್ಪಿಸಿಕೊಳ್ಳಲಿಲ್ಲ. ಕಿವಿಯ ಮೇಲ್ಭಾಗ ಹರಿದು ಜೋತುಬಿತ್ತು. ಪಂಚರಿಗೆ ಬಗ್ಗದವನು ಪಂಚಿಗೆ ಬಗ್ಗಿದ. ಮರಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಕಣ್ಣು ಮುಚ್ಚಿಕೊಂಡು, ಮುಗೀತಾ, ಮುಗೀತಾ ಎಂದು ಕೇಳುತ್ತಿದ್ದಳು.

ಇಬ್ಬರನ್ನೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದ್ದು ತಪ್ಪಾಯಿತು, ಆಟೋದವನೂ ಎರಡು ಹೊಲಿಗೆ ಹಾಕಿಸಿಕೊಂಡು ಬಂದ.

ಮಧ್ಯಾಹ್ನ ಮೂರಕ್ಕೆ ಕರೆಂಟು ಬಂತು. ಅಂಗಡಿಯಲ್ಲಿ ಪ್ರಮೀಳಾ ಒಬ್ಬಳೇ. ಡಬ್ಬ ಎತ್ತಿ ನಿಲ್ಲಿಸಿ ಗುಂಡಿ ಒತ್ತಿದಳು, ಯಂತ್ರ ಚಾಲೂ ಆಯಿತು. ಬದುಕಿದೆ ಎಂದುಕೊಂಡಳು. ಇನ್ನೊಂದು ಒದೆತ ಬೀಳುವ ಮೊದಲು ಪತ್ರಕ್ಕೊಂದು ಪ್ರತಿಯಾಗಿಬಿಡಲಿ ಎಂಬುದೊಂದೇ ಆತುರ. ಚೀಟಿ ನೋಡಿದಳು: ಡಿ ಹೊಸದು. ಫಾರ್ಮ್ಯಾಟ್ ಡಿ ಎಂದು ಕೊಟ್ಟಳು. ಡಿ ಯಲ್ಲಿರುವುದೆಲ್ಲ ನಾಶವಾಗುತ್ತದೆ, ಮುಂದುವರಿಯಲೇ ಎಂದು ಯಂತ್ರ ಕೇಳಿತು. ರಕ್ತ ಹೆಪ್ಪುಗಟ್ಟಿ ಅಂಟಾಗಿದ್ದ ಕೀಲಿಯನ್ನು ಒತ್ತಿದಳು. ಯಂತ್ರಕ್ಕೆ ಬೇಕಿದ್ದದ್ದು ವೈ, ಅವಳು ಕೊಟ್ಟಳು. ವೈ ಎಂದು ತಾನು ಕೇಳಿಕೊಳ್ಳಲಿಲ್ಲ. ಎಷ್ಟು ಜಾಗ ಮಟ್ಟವಾಗುತ್ತಿದೆ ಎಂಬ ಲೆಕ್ಕ ಪರದೆಯಲ್ಲಿ ಬಂತು. ಅದು ಹೊಸ ಡಿಸ್ಕಿಗೆ ಇರಬೇಕಾದದ್ದಕ್ಕಿಂತ ಬಹಳ ಕಡಿಮೆಯಿತ್ತು. ಕಣ್ಣಿಗೆ ಬಿತ್ತು, ಬುದ್ಧಿಗೆ ಬೀಳಲಿಲ್ಲ. ನೂರಕ್ಕೆ ನೂರು ಆದಮೇಲೆ ಇ ಯನ್ನು ತೆರೆಯಲು ಹೋದಳು. ಅಂಥದ್ದೊಂದು ಇಲ್ಲ ಎಂದಿತು ಯಂತ್ರ. ಡಿ ತೆರೆದಳು. ಖಾಲಿ.

ವಸಂತನಿಗೆ ಫೋನು ಮಾಡಿದಳು. ಚಿಲಕ, ಬಾಗಿಲು, ಗೋಡೆ, ಎಲ್ಲವನ್ನೂ ತನ್ನ ಕೈಯಾರೆ ಮಟ್ಟ ಹೊಡೆದಿದ್ದಳು.

ಭಾನುವಾರ ಮೊದಲ ಬಸ್ಸಿಗೆ ವಸಂತ ಬಂದು ಡಬ್ಬ ಬಿಚ್ಚಿದ. ಹೊಸ ಡಿಸ್ಕಿನ ತಂತಿ ಕಳಚಿ ನೇತಾಡುತ್ತಿತ್ತು. ಒದೆತಕ್ಕೆ ಅದು ಕಳಚಿದ್ದರಿಂದ ಯಂತ್ರಕ್ಕೆ ಹೊಸ ಡಿಸ್ಕ್ ಕಾಣಿಸಲೇ ಇಲ್ಲ, ಇ ಆಗಿದ್ದ ಹಳೆಯ ಭಾಗ ಮುಂದೆ ಸರಿದು ಮತ್ತೆ ಡಿ ಆಗಿತ್ತು ಎಂದು ವಿವರಿಸಿದ. ನೀನೇ ತಾನೆ ಹೊಸದರ ಹೆಸರು ಡಿ ಎಂದು ಬರೆದವನು ಎಂದು ಪ್ರಮೀಳಾ ಅವನ ಕೊರಳಪಟ್ಟಿ ಹಿಡಿದಳು.

“ಡಿ ಅನ್ನೋದು ಹೆಸರಲ್ಲ ಅಕ್ಕ,” ಎಂದ ವಸಂತ, ಬಿಡಿಸಿಕೊಳ್ಳುವ ಪ್ರಯತ್ನವನ್ನೂ ಮಾಡದೆ. “ಸರದಿ. ಕ್ಯೂನಲ್ಲಿ ಯಾರು ಎಷ್ಟನೇವ್ರು ಅಂತ. ನಡುವೆ ಒಬ್ಬ ನುಗ್ಗಿದ್ರೂ, ಒಬ್ಬ ಬಿಟ್ಟೋದ್ರೂ ಹಿಂದಿರೋರ ಸರದಿ ಬದಲಾಗುತ್ತೆ.”

ಪ್ರಮೀಳಾಳ ಕೈ ಸಡಿಲವಾಯಿತು. ನಡುವೆ ಒಂದು ಕಾಲುವೆ ನುಗ್ಗಿದರೆ ಎರಡನೆಯದು ಮೂರನೆಯದಾಗುತ್ತದೆ. ಯಂತ್ರವನ್ನು ಬೈದು ಪ್ರಯೋಜನವಿಲ್ಲ. ವಿಭಾಗಪತ್ರದಲ್ಲಿ ತಾನು ಟೈಪು ಮಾಡಿದ್ದೂ ಹೆಸರಲ್ಲ, ಸರದಿಯೇ.

ವಸಂತ ಏನೇನೋ ಫ್ಲಾಪಿ ಹಾಕಿ ಎರಡು ಗಂಟೆ ಗುದ್ದಾಡಿದ. ವಾಪಸು ಸಿಕ್ಕಿದ್ದು ಯಾರದೋ ಲಗ್ನಪತ್ರಿಕೆಯ ಅರ್ಧ, ಅದರಲ್ಲಿ ಗಂಡೇ ಇರಲಿಲ್ಲ. ಪ್ರಮೀಳಾ ಒಂದು ನೋಟ್‌ಬುಕ್ಕು ಪೆನ್ನು ತೆಗೆದುಕೊಂಡು ಹೊಸ ಅಗ್ರಹಾರದ ಬಸ್ಸು ಹತ್ತಿದಳು.

ಅವಳು ಹೋದಾಗ ನಡುಹಗಲು. ಹಟ್ಟಿಯ ಒಲೆಯ ಮೇಲೆ ಮರಮ್ಮ ಹುರುಳಿ ಬೇಯಲಿಟ್ಟಿದ್ದಳು. ದೇವರಾಜು ಕಿವಿಗೆ ಪಟ್ಟಿ ಸುತ್ತಿಕೊಂಡು ಜಗುಲಿಯಲ್ಲಿದ್ದ, ಲಿಂಗಣ್ಣ ಹಣೆಗೆ ಪಟ್ಟಿ ಸುತ್ತಿಕೊಂಡು ಕೊಟ್ಟಿಗೆಯಲ್ಲಿದ್ದ. ಪ್ರಮೀಳಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಪತ್ರ ನನ್ನ ಕೈಯಿಂದಲೇ ಅಳಿಸಿಹೋಯಿತು, ಮತ್ತೆ ಬರೆದುಕೊಂಡು ಹೋಗಲು ಬಂದಿದ್ದೇನೆ ಎಂದಳು.

ದೇವರಾಜು ಎದ್ದು ಸೂರಿನ ಸಂದಿಯಿಂದ ಕೊಡಲಿ ಇಳಿಸಿಕೊಂಡ.

“ಪತ್ರ ಇಲ್ಲ ಅಂದ್ಮೇಕೆ ಪಾಲೂ ಇಲ್ಲ. ಇದು ನಮ್ಮಪ್ಪನ ಮನೆ. ಬೇಕಾದೋರು ಇರ್ಲಿ, ಬ್ಯಾಡ್ದೋರು ಈಗ್ಲೇ ಓಗ್ಲಿ.”

ಮೀನಾ ಇದ್ದ ಕೋಣೆಗೆ ಬಾಗಿಲಿರಲಿಲ್ಲ, ಅಡ್ಡಕ್ಕೆ ಒಂದು ಹಲಗೆ ನಿಲ್ಲಿಸಿದ್ದಳು. ಮೊದಲ ಏಟಿಗೆ ಹಲಗೆ ಸೀಳಿತು. ಲಿಂಗಣ್ಣ ಓಡಿಬಂದು ಹಿಂದಿನಿಂದ ಅಣ್ಣನ ಕುತ್ತಿಗೆಗೆ ಜೋತುಬಿದ್ದ. ದೇವರಾಜು ಕೊಡಲಿಯ ಹಿಂಬದಿಯಿಂದ ಅವನ ಪಕ್ಕೆಗೆ ಬಡಿದ. ಒಣಕಡ್ಡಿ ಮುರಿದಂಥ ಸದ್ದು ಎಲ್ಲರಿಗೂ ಕೇಳಿಸಿತು. ಪ್ರಮೀಳಾ ಕೊಡಲಿಯ ಕಾವು ಹಿಡಿದು ಜಗ್ಗಿದಳು. ಅವನು ಒಂದೇ ಕೈಯಲ್ಲಿ ಅವಳನ್ನು ಒರಳುಕಲ್ಲಿನ ಮೇಲೆ ಎಸೆದ. ಅವಳ ಮುಂದಿನ ಹಲ್ಲೊಂದು ಹಟ್ಟಿಯ ದೂಳಿನಲ್ಲಿ ಬಿತ್ತು. ಕೋಣೆಯೊಳಗೆ ಮೀನಾ ಮೂಲೆಗೆ ಒತ್ತಿಕೊಂಡಿದ್ದಳು, ಇನ್ನೂ ಸರಿಯಾಗಿ ಕೂಡದ ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದು. ದೇವರಾಜು ಕೊಡಲಿ ತಿರುಗಿಸಿ ಬಾಯಿ ಮುಂದೆ ಮಾಡಿಕೊಂಡ.

ಆಗ ಮರಮ್ಮ ಮಡಕೆ ಇಳಿಸಿದಳು. ಮಸಿಬಟ್ಟೆಯಲ್ಲಿ ಎರಡೂ ಕಡೆ ಹಿಡಿದು, ತುಳುಕದಂತೆ ನಡೆದು ಬಂದು, ಕೊತಕೊತ ಕುದಿಯುತ್ತಿದ್ದ ಹುರುಳಿಕಟ್ಟನ್ನು ಹಿರಿಮಗನ ಎರಡು ಪಾದಗಳ ಮೇಲೂ ಸಮನಾಗಿ ಸುರಿದಳು. ಮನೆಯಲ್ಲಿ ಯಾರಾದರೂ ಸಮಪಾಲು ಮಾಡಿದ್ದು ಅದೇ ಮೊದಲು.

ದೇವರಾಜು ಕಿರುಚಿದ ಸದ್ದಿಗೆ ಬೀದಿಯವರೆಲ್ಲ ಬಂದರು. ಕೊಡಲಿ ಪಕ್ಕದ ಮನೆಯವರ ಕೈ ಸೇರಿತು. ಅವನನ್ನು ಹೊತ್ತು ತಂದು ದನದ ನೀರಿನ ತೊಟ್ಟಿಯ ಅಂಚಿಗೆ ಕೂರಿಸಿ ಪಾದ ನೀರಿನಲ್ಲಿ ಇಳಿಬಿಟ್ಟರು. ನಿನ್ನೆಯವರೆಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಹಟ್ಟಿ ತುಂಬ ಓಡಾಡುತ್ತಿದ್ದವನು ನಿಜವಾಗಿ ಕಾಲು ಸುಟ್ಟಮೇಲೆ ಒಂದೇ ಕಡೆ ಕೂತ. ಪ್ರಮೀಳಾ ಬಾಯಿಯ ರಕ್ತ ಉಗಿದು, ನೋಟ್‌ಬುಕ್ಕು ಬಿಚ್ಚಿ, ಮರಮ್ಮನ ಪಕ್ಕದಲ್ಲಿ ಕೂತಳು. ಆ ತುಂಡುಗಳನ್ನು ನೀವು ಏನೆಂದು ಕರೆಯುತ್ತೀರಿ ಎಂದು ಕೇಳಿದಳು.

“ಒಂದ್ನೇದು ಎರಡ್ನೇದು ನಂಗೊತ್ತಿಲ್ಲ ಕಣವ್ವ,” ಎಂದಳು ಮರಮ್ಮ. “ನಾಲೆ ಪಕ್ಕದ್ದು ಉಣಸೆ ಗದ್ದೆ. ಅದಾದ್ಮೇಕೆ ಬಾವಿ ಗದ್ದೆ. ಆಮೇಕೆ ಕೋಣನ ತಗ್ಗು. ರಸ್ತೆ ಕಡೇದು ಸೊಸೆ ಗದ್ದೆ, ನಾನು ಈ ಮನೆಗೆ ಬಂದ್ ವರ್ಸ ತಗೊಂಡಿದ್ದು. ಉಣಸೆ ಗದ್ದೆ, ಕೋಣನ ತಗ್ಗು ದೊಡ್ಡೋನಿಗೆ. ಬಾವಿ ಗದ್ದೆ, ಸೊಸೆ ಗದ್ದೆ ಚಿಕ್ಕೋನಿಗೆ. ಪಂಚಾಯ್ತೀಲಿ ಆಗಿದ್ದು ಅದೇಯ.”

ತೊಟ್ಟಿಯ ಕಡೆಯಿಂದ ದೇವರಾಜು, ಹುಣಸೆ ಗದ್ದೆ ಈಗ ಒಂದಲ್ಲ, ಕಾಲುವೆಯಿಂದ ಎರಡಾಗಿದೆ ಎಂದು ಮತ್ತೆ ರಾಗ ತೆಗೆದ.

ಮರಮ್ಮ ಅವನತ್ತ ತಿರುಗಿದಳು. “ಕಾಲುವೆ ಓದ್ರೆ ಉಣಸೆ ಗದ್ದೆ ಉಣಸೆ ಗದ್ದೆ ಅಲ್ದೆ ಓಯ್ತದಾ? ಅಂಗಾದ್ರೆ ನಿನ್ನ ಕಿವಿ ಅರ್ದು ಎರಡಾಗ್ಯದಲ್ಲ, ನೀನು ಇಬ್ರಾ? ಇನ್ನೊಬ್ಬನ್ನೂ ಕರಿ, ಅವನ ಪಾದಕ್ಕೂ ಉಯ್ತೀನಿ. ಮಡಕೇಲಿ ಇನ್ನೂ ಅದೆ.”

ಬೀದಿಯವರು ನಕ್ಕರು. ಪ್ರಮೀಳಾ ಅಲ್ಲೇ, ಊರವರ ಎದುರಿಗೇ, ಗದ್ದೆಗಳ ಹೆಸರು ಬರೆದು, ಪ್ರತಿಯೊಂದಕ್ಕೂ ನಾಲ್ಕು ದಿಕ್ಕಿನಲ್ಲಿ ಏನಿದೆ ಎಂದು ಕೇಳಿ ಬರೆದು, ಎಲ್ಲರಿಂದ ಹೆಬ್ಬೆಟ್ಟು, ರುಜು ಹಾಕಿಸಿಕೊಂಡಳು. ಎಷ್ಟನೆಯದು ಎಂಬ ಮಾತು ಇಡೀ ಕಾಗದದಲ್ಲಿ ಒಂದು ಕಡೆಯೂ ಬರದಂತೆ ನೋಡಿಕೊಂಡಳು. ಕಾಗದವನ್ನು ಮಡಿಸಿ ಯಾರ ಬಾಯಿಗೂ ಎಟುಕದಂತೆ ತನ್ನ ರವಿಕೆಯೊಳಗೆ ಇಟ್ಟುಕೊಂಡಳು.

ಅಂದು ಸಂಜೆ ವಸಂತ ಎರಡೂ ಡಿಸ್ಕುಗಳನ್ನು ಭದ್ರವಾಗಿ ಕೂರಿಸಿದ. ಅಕ್ಷರ ಏನಾದರೂ ಆಗಲಿ, ಪ್ರತಿ ಭಾಗಕ್ಕೂ ಅದರದೇ ಒಂದು ಹೆಸರು ಬರೆದಿಡಲು ಬರುತ್ತದೆಯೇ ಎಂದು ಪ್ರಮೀಳಾ ಕೇಳಿದಳು. ಬರುತ್ತದೆ, ಯಾರೂ ಬರೆಯುವುದಿಲ್ಲ ಅಷ್ಟೇ ಎಂದ ಅವನು. ಹೆಸರು ಡಿಸ್ಕಿನ ಮೇಲೆಯೇ ಇರುತ್ತದೆ, ಎಲ್ಲಿ ಸಿಕ್ಕಿಸಿದರೂ ಬದಲಾಗುವುದಿಲ್ಲ; ಇನ್ನು ಮೇಲೆ ಮಟ್ಟ ಹೊಡೆಯಲು ಹೋದರೆ ಈಗಿರುವ ಹೆಸರು ಹೇಳು ಎಂದು ಯಂತ್ರವೇ ಕೇಳುತ್ತದೆ, ತಪ್ಪು ಹೇಳಿದರೆ ಮುಟ್ಟುವುದಿಲ್ಲ. ಹಳೆಯದಕ್ಕೆ ಮರಮ್ಮ ಎಂದೂ ಹೊಸದಕ್ಕೆ ಮೀನಾ ಎಂದೂ ಬರೆಸಿದಳು. ಮುಂದಿನ ಹಲ್ಲು ಹೋದ ಬಾಯಲ್ಲಿ ಅವಳು ಹೇಳಿದ್ದು ವಸಂತನಿಗೆ ಅರ್ಥವಾಗಲು ಮೂರು ಸಲ ಬೇಕಾಯಿತು.

ಸೋಮವಾರ ನೋಂದಣಿಯಾಯಿತು. ದೇವರಾಜುವನ್ನು ಇಬ್ಬರು ಹೊತ್ತು ತಂದರು, ಲಿಂಗಣ್ಣ ಮುರಿದ ಪಕ್ಕೆ ಒತ್ತಿ ಹಿಡಿದು ಅರ್ಧ ಬಾಗಿ ರುಜು ಹಾಕಿದ. ಪ್ರಮೀಳಾ ನಿಂತು ಗೋಡೆ ಕಟ್ಟಿಸಿದಳು. ಬೀದಿ ಕಡೆಗೆ ಹೊಸ ಬಾಗಿಲು ಕೂರಿಸಿದ ದಿನ ಮೀನಾ ಒಲೆ ಹೊತ್ತಿಸಿ, ಅಕ್ಕನನ್ನು ಉಣ್ಣಲು ಕೂರಿಸಿದಳು. ಲಿಂಗಣ್ಣ ಬಾವಿ ಗದ್ದೆಗೆ ನೀರು ಕಟ್ಟಲು ಹೋಗಿದ್ದ.

ಎರಡು ತುತ್ತು ಒಳಗೆ ಹೋಗಿರಬೇಕು, ಬಾಗಿಲಿಗೆ ಒದೆತ ಬಿತ್ತು. ಕಾಲು ಮಾಗಿದ ದೇವರಾಜು ಕುಡಿದು ಬಂದಿದ್ದ. ಎರಡನೆಯ ಒದೆತಕ್ಕೆ ಚೌಕಟ್ಟಿನ ಹಸಿ ಗಾರೆ ಉದುರಿತು. ಮೂರನೆಯದಕ್ಕೆ ಚಿಲಕದ ಒಂದು ತಿರುಪು ಅಲುಗಾಡಿತು. ಪ್ರಮೀಳಾ ತಟ್ಟೆ ಸರಿಸಿ ಎದ್ದಳು. ಅಷ್ಟರಲ್ಲಿ ಮೀನಾ ಬಾಗಿಲ ಹಿಂದೆ ಹೋಗಿ ನಿಂತಾಗಿತ್ತು, ಬಲಗೈಯಲ್ಲಿ ಗುದ್ದಲಿಕಾವು. ಅವಳ ಉಸಿರು ಜೋರಾಗಿರಲಿಲ್ಲ. ಹೊರಗಿನವನು ಅವಳ ಹೆಸರು ಹಿಡಿದು ಬೈದ, ಸತ್ತ ಅಪ್ಪನನ್ನು ಕರೆದ, ಇನ್ನೂ ಐದಾರು ಸಲ ಒದ್ದ. ಚಿಲಕ ಕಿರುಗುಟ್ಟಿತು, ಆದರೆ ಬಿಡಲಿಲ್ಲ. ಕೊನೆಗೆ ಕಾಲೆಳೆಯುವ ಸದ್ದು ಬೀದಿಯುದ್ದಕ್ಕೂ ದೂರವಾಯಿತು.

ಮೀನಾ ಕಾವನ್ನು ಬಾಗಿಲ ಮೂಲೆಗೆ ಒರಗಿಸಿ, ಕೈ ತೊಳೆದುಕೊಂಡು ಬಂದಳು.

“ಕೂತ್ಕೋ ಅಕ್ಕ, ಆರೋಯ್ತದೆ,” ಎಂದಳು. “ಇನ್ನೊಂದು ಮುದ್ದೆ ಆಕ್ಲಾ?”